ಎರಡು ಬೆರಳು ಸಡಿಲ

ಏಪ್ರಿಲ್ 2, ಬುಧವಾರ

ಇವತ್ತು ಎರಡು ನೋಟುಪುಸ್ತಕ ಕೊಂಡೆ. ಒಂದು ಅತ್ತೆಗೆ, ದಿನಾ ಬೆಳಿಗ್ಗೆ ರಕ್ತದೊತ್ತಡ ನೋಡಿ ಬರೆದಿಡಲಿ ಅಂತ. ಇನ್ನೊಂದು ನನಗೆ. ನನ್ನ ಒತ್ತಡ ಅಳೆಯಲು ಯಂತ್ರ ಬೇಕಿಲ್ಲ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ. ಕಚೇರಿಯ ವರದಿಯಲ್ಲಿ ‘ಅನಿಸುತ್ತದೆ’ ಅನ್ನುವ ಪದಕ್ಕೆ ಜಾಗವಿಲ್ಲ. ಅಂಥದ್ದನ್ನೆಲ್ಲ ಇಲ್ಲಿ ತುರುಕುವ ಯೋಚನೆ.

ಗಡಿ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಶುರುವಾಗಿದೆ. ಮೂವತ್ತೊಂದು ಸಾವಿರ ಜನ, ಎಂಟು ವಿಭಾಗ, ಮಧ್ಯೆ ಒಂದು ಹಳ್ಳ. ಒಂದರಿಂದ ಐದರವರೆಗಿನ ವಿಭಾಗ ಈಚೆ ದಡದಲ್ಲಿ, ಆರರಿಂದ ಎಂಟು ಆಚೆ ದಡದಲ್ಲಿ. ಈಗ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು, ಲಾರಿ ಆರಾಮಾಗಿ ದಾಟುತ್ತದೆ. ಮಳೆ ಬಿದ್ದರೆ ನಾಲ್ಕೈದು ದಿನ ಯಾರೂ ದಾಟುವಂತಿಲ್ಲ. ಲಸಿಕೆ ಬರಲು ಇನ್ನೂ ಒಂದು ತಿಂಗಳು ಬೇಕಂತೆ. ದೊಡ್ಡ ಆಸ್ಪತ್ರೆ ನಾಲ್ಕು ಗಂಟೆಯ ದಾರಿ, ಈ ರೋಗ ಕೆಲವರಿಗೆ ಅಷ್ಟು ಹೊತ್ತು ಕೊಡುವುದಿಲ್ಲ.

ನಿರ್ದೇಶಕರು ಬೆಳಿಗ್ಗೆ ಕರೆದು ಕೂರಿಸಿ ಹೇಳಿದರು: “ನಮ್ಮ ಹತ್ರ ಇರೋದು ಒಂದೇ ಚಿಕಿತ್ಸಾ ಡೇರೆ. ಮೂವತ್ತು ಮಂಚ. ಮಳೆಗೆ ಮುಂಚೆ ಒಂದು ಕಡೆ ಹಾಕ್ಬೇಕು, ಹಾಕಿದ್ಮೇಲೆ ಎತ್ತೋಕಾಗಲ್ಲ. ಯಾವ ದಡ ಅಂತ ಹದಿನೆಂಟರೊಳಗೆ ಹೇಳಿ.”

ಹದಿನೆಂಟು ವರ್ಷ ಸಾರಿಗೆ ಕಚೇರಿಯಲ್ಲಿ ಯಾವ ಬಸ್ಸಿಗೆ ಎಷ್ಟು ಜನ ಹತ್ತುತ್ತಾರೆ ಅಂತ ಲೆಕ್ಕ ಹಾಕಿದವಳು ನಾನು. ಜನ ಹೋಗುವ ದಾರಿಯಲ್ಲೇ ರೋಗವೂ ಹೋಗುತ್ತದೆ ಅಂತ ಎರಡು ವರ್ಷದ ಹಿಂದೆ ಆರೋಗ್ಯ ಇಲಾಖೆಯವರು ಇಲ್ಲಿಗೆ ಎಳೆದು ತಂದರು. ಅಲ್ಲಿ ಲೆಕ್ಕ ತಪ್ಪಿದರೆ ನಾಲ್ಕು ಜನ ನಿಂತುಕೊಂಡು ಹೋಗುತ್ತಿದ್ದರು, ಅಷ್ಟೇ.

ಏಪ್ರಿಲ್ 4, ಶುಕ್ರವಾರ

ಪ್ರತಿ ವಿಭಾಗದಲ್ಲೂ ಅಲ್ಲಿನವರೇ ಒಬ್ಬರು ಎಣಿಕೆಗೆ ನಿಂತಿದ್ದಾರೆ. ಬೆಳಿಗ್ಗೆ ಡೇರೆಯಿಂದ ಡೇರೆಗೆ ಹೋಗಿ ಯಾರಿಗೆ ವಾಂತಿಭೇದಿ ಅಂತ ವಿಚಾರಿಸಿ ಹತ್ತು ಗಂಟೆಗೆ ನನಗೆ ಫೋನು ಮಾಡಬೇಕು. ಏಳು ಜನ ಸಂಖ್ಯೆ ಹೇಳಿ ಇಟ್ಟರು. ಏಳನೇ ವಿಭಾಗದವಳು ಮಾತ್ರ ಹರಿಕಥೆ ಶುರುಮಾಡಿದಳು.

“ಹನ್ನೊಂದು ಮೇಡಂ. ಅದ್ರಲ್ಲಿ ಮೂರು ಒಂದೇ ಡೇರೆದು. ಆ ಮನೆಯವ್ರು ನೀರಿಗೆ ದೂರದ ನಲ್ಲಿಗೇ ಹೋಗ್ತಾರೆ, ಹತ್ತಿರದ ನಲ್ಲೀಲಿ ನಾದಿನಿ ಜೊತೆ ಜಗಳ. ಆಮೇಲೆ ಕೊನೇ ಸಾಲಿನ ತಾತ ಇದಾರಲ್ಲ, ಅವ್ರು...”

“ಏನಮ್ಮಾ, ಸಂಖ್ಯೆ ಮಾತ್ರ ಹೇಳಿದ್ರೆ ಸಾಕು.”

“ಹನ್ನೊಂದು ಅಂದ್ನಲ್ಲ.”

ನಕ್ಷೆಯ ಮಾಮ ಪಕ್ಕದ ಮೇಜಿನಲ್ಲಿ ನಗುತ್ತಿದ್ದರು. ಇಲಾಖೆಯ ನಕ್ಷೆಗಳಿಗೆಲ್ಲ ಬಣ್ಣ ತುಂಬುವವರು ಅವರು, ಇನ್ನಾರು ತಿಂಗಳಿಗೆ ನಿವೃತ್ತಿ. ಆ ಹೆಂಗಸು ತನ್ನ ದೇಶದಲ್ಲಿ ಹೆಸರಾಂತ ದರ್ಜಿಯಾಗಿದ್ದಳಂತೆ, ಶಿಬಿರಕ್ಕೆ ಕೈಯಲ್ಲಿ ಕತ್ತರಿ ಒಂದನ್ನೇ ಹಿಡಿದು ಬಂದವಳಂತೆ. ಮಾಮ ಆಗಲೇ ‘ದರ್ಜಿಯಕ್ಕ’ ಅಂತ ಹೆಸರಿಟ್ಟುಬಿಟ್ಟಿದ್ದಾರೆ. ನಾನು ಹಾಗೆಲ್ಲ ಕರೆಯುವುದಿಲ್ಲ, ನನಗೆ ಅವಳು ಏಳನೇ ವಿಭಾಗ.

ಏಪ್ರಿಲ್ 7, ಸೋಮವಾರ

ಏಳನೇ ವಿಭಾಗದಲ್ಲಿ ಇವತ್ತು ಎಷ್ಟು ರೋಗಿಗಳು ಅಂತ ನಾನು ಮುಂಚೆಯೇ ಹೇಳಿದ್ದು ಇಪ್ಪತ್ತಮೂರು, ಬಂದದ್ದು ಇಪ್ಪತ್ತನಾಲ್ಕು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು ಲೆಕ್ಕ. ಯಾವ ನಲ್ಲಿಗೆ ಎಷ್ಟು ಡೇರೆ, ಒಬ್ಬ ರೋಗಿಯಿಂದ ಎಷ್ಟು ದಿನಕ್ಕೆ ಎಷ್ಟು ಜನಕ್ಕೆ, ಕಕ್ಕಸು ಎಷ್ಟು ದೂರ, ಎಲ್ಲ ಕೂಡಿಸಿ ಕಳೆದರೆ ಏಳು ಬೆಂಕಿಯ ಬಾಯಿ. ಮಾಮ ನಕ್ಷೆಯಲ್ಲಿ ಏಳಕ್ಕೆ ಕೆಂಪು ಬಳಿದರು, ಎರಡು, ಮೂರಕ್ಕೆ ಹಸಿರು.

ವರದಿಯ ಕೊನೆಗೆ ಒಂದು ಸಾಲು ಸೇರಿಸಿದೆ: ‘ಕೆಂಪು ವಿಭಾಗದವರ ಹೊರಗಿನ ಓಡಾಟವನ್ನು ಮೂರು ವಾರ ತಗ್ಗಿಸುವುದು ಒಳಿತು.’ ನಿರ್ದೇಶಕರು ಓದಿ “ಚೆನ್ನಾಗಿದೆ” ಅಂದರು. ಅವರು ಹಾಗೆ ಅನ್ನುವುದು ವರ್ಷಕ್ಕೊಮ್ಮೆ.

ಅತ್ತೆಯ ಪುಸ್ತಕ ನೋಡಿದೆ. 130/80, 130/80, 128/80, 130/80. ಹಿಂದಿನ ತಿಂಗಳು ತಲೆ ಸುತ್ತಿದವರು ಇವರೇನಾ ಅನ್ನಬೇಕು. ಇಡೀ ಇಲಾಖೆಯಲ್ಲಿ ನನ್ನ ಅತ್ತೆಯಷ್ಟು ಚೊಕ್ಕವಾಗಿ ಸಂಖ್ಯೆ ಬರೆಯುವವರು ಇನ್ನೊಬ್ಬರಿಲ್ಲ. ಮಾತ್ರೆ ಕೆಲಸ ಮಾಡುತ್ತಿದೆ ಅಂತ ನಮ್ಮ ಯಜಮಾನರಿಗೂ ಹೇಳಿದೆ. ಇವರು ಪತ್ರಿಕೆಯಿಂದ ತಲೆ ಎತ್ತದೆ “ಹೂಂ” ಅಂದರು.

ಏಪ್ರಿಲ್ 9, ಬುಧವಾರ

ಶಿಬಿರದ ಕಚೇರಿಯವರು ನಮ್ಮ ನಕ್ಷೆಯನ್ನು ದೊಡ್ಡದು ಮಾಡಿ ಹೆಬ್ಬಾಗಿಲ ಫಲಕಕ್ಕೆ ಅಂಟಿಸಿದ್ದಾರಂತೆ. ನನ್ನ ಆ ಸಾಲಿಗೆ ಒಂದು ನಿಯಮವನ್ನೂ ಹೊಲಿದಿದ್ದಾರೆ. ಬೇರೆ ದೇಶಕ್ಕೆ ಹೋಗಿ ನೆಲೆಸಲು ಅನುಮತಿ ಕೊಡುವ ಸಂದರ್ಶನ ಅಂತ ಒಂದಿದೆ, ಅಲ್ಲಿನವರು ವರ್ಷಗಟ್ಟಲೆ ಅದಕ್ಕೇ ಕಾಯುವುದು. ಕೆಂಪು ವಿಭಾಗದಲ್ಲಿ ಯಾವ ಡೇರೆಯಿಂದ ರೋಗಿಯ ಹೆಸರು ಬರುತ್ತದೋ ಆ ಡೇರೆಯವರ ಸಂದರ್ಶನ ಮುಂದಕ್ಕೆ, ಹೆಸರು ಪಟ್ಟಿಯ ಕೊನೆಗೆ.

ಮಾಮ ಗೊಣಗಿದರು: “ನನ್ನ ಬಣ್ಣ ಗೇಟಿಗೆ ಹೋಗಿ ನಿಲ್ಲುತ್ತೆ ಅಂದಿದ್ರೆ ಬೇರೆ ಬಣ್ಣ ಹಾಕ್ತಿದ್ದೆ.”

ನಾನು ನಿಯಮ ಸರಿಯಾಗೇ ಇದೆ ಅಂದೆ. ರೋಗ ಇದ್ದವರು ಪ್ರಯಾಣ ಮಾಡಬಾರದು, ಅದರಲ್ಲೇನು ತಪ್ಪು.

ಏಪ್ರಿಲ್ 12, ಶನಿವಾರ

ಇಳಿಯುತ್ತಿದೆ. ಏಳರಲ್ಲಿ ಮೊನ್ನೆ ಮೂವತ್ತೊಂದು, ನಿನ್ನೆ ಇಪ್ಪತ್ತೆರಡು, ಇವತ್ತು ಹದಿನಾಲ್ಕು. ಗೆರೆ ಬಗ್ಗಿದ್ದನ್ನು ನೋಡಿ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದೆ, ಆ ಕುರ್ಚಿಯ ಒಂದು ಚಕ್ರ ಇಲ್ಲ ಅನ್ನುವುದು ಮರೆತು.

ಏಳನೇ ವಿಭಾಗದವಳೂ ಕೊನೆಗೂ ಕಲಿತಳು. “ಹದಿನಾಲ್ಕು” ಅಂದು ಇಟ್ಟುಬಿಟ್ಟಳು. ನಾದಿನಿ ಇಲ್ಲ, ತಾತ ಇಲ್ಲ. ಅರ್ಧ ನಿಮಿಷ ಕೂಡ ಆಗಲಿಲ್ಲ.

ಏಪ್ರಿಲ್ 14, ಸೋಮವಾರ

ಏಳು: ಆರು. ಎರಡು: ಹದಿನೈದು. ಮೂರು: ಒಂಬತ್ತು.

ರೋಗ ಹಳ್ಳ ದಾಟಿ ಈಚೆಗೆ ಬಂದಿದೆ ಅನ್ನುತ್ತದೆ ಕಂಪ್ಯೂಟರಿನ ಲೆಕ್ಕ. ಈಚೆ ದಡದಲ್ಲಿ ಜನವೂ ಹೆಚ್ಚು. ಹೊಸ ವರದಿ ಬರೆದೆ: ಚಿಕಿತ್ಸಾ ಡೇರೆ ಎರಡನೇ ವಿಭಾಗಕ್ಕೆ. ಮಧ್ಯಾಹ್ನವೇ ಏಳರ ಸಲೈನ್ ಬಾಟಲಿಗಳನ್ನು ಎರಡಕ್ಕೆ ಸಾಗಿಸಿದರು. ಇಷ್ಟು ಬೇಗ ನನ್ನ ಮಾತು ಯಾರೂ ಕೇಳಿದ್ದಿಲ್ಲ, ಮನೆಯಲ್ಲಂತೂ ಇಲ್ಲವೇ ಇಲ್ಲ.

ಏಪ್ರಿಲ್ 15, ಮಂಗಳವಾರ

ಅತ್ತೆ ಬಿದ್ದರು. ಮಹಡಿ ಮೆಟ್ಟಿಲಲ್ಲಿ, ಕೈಯಲ್ಲಿ ನೀರಿನ ಚೊಂಬು. ದೇವರ ದಯೆ, ಮೂಳೆ ಮುರಿದಿಲ್ಲ. ಮೂಲೆಯ ದವಾಖಾನೆಗೆ ಕರೆದುಕೊಂಡು ಹೋದೆವು. ನರ್ಸು ಕೈಗೆ ಪಟ್ಟಿ ಸುತ್ತಿ ನೋಡಿದಳು, ಮತ್ತೊಮ್ಮೆ ಸುತ್ತಿ ನೋಡಿದಳು. 190/110.

ಮನೆಗೆ ಬಂದು ಪುಸ್ತಕ ತೆಗೆದೆ. ಇವತ್ತು ಬೆಳಿಗ್ಗೆಯದು: 130/80.

“ಅತ್ತೆ, ಇದೇನಿದು?”

“ಬರೀ ಅಂದೆ, ಬರೆದೆ.”

“ಯಂತ್ರ ಏನು ತೋರಿಸ್ತು?”

“ಅದು ಏನೇನೋ ತೋರಿಸುತ್ತೆ.” ಗೋಡೆ ಕಡೆ ತಿರುಗಿ ಮಲಗಿದರು. ಗೋಡೆಗೇ ಹೇಳಿದರು: “ಹೋದ ತಿಂಗಳು ತಲೆ ಸುತ್ತಿತು ಅಂದೆ. ಏನು ಮಾಡಿದ್ರಿ? ಮಹಡಿಗೆ ಬೀಗ ಹಾಕಿದ್ರಿ. ನನ್ನ ಗಿಡ ಒಣಗಿಹೋಯ್ತು. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ಒಲೆ ಒಂದು ಉಳಿದಿತ್ತು. ನೂರಾ ತೊಂಬತ್ತು ಅಂತ ಬರೆದಿದ್ರೆ ಅದನ್ನೂ ಕಿತ್ಕೊತಿದ್ರಿ. ಬೀಗದ ಕೈ ಎಲ್ಲಿಡ್ತೀಯ ಅಂತ ನಂಗೆ ಗೊತ್ತಿಲ್ವೇನೇ?”

ನನಗೆ ಮೈಯೆಲ್ಲ ಉರಿಯಿತು. ಎರಡು ವಾರ ನನ್ನ ಕಣ್ಣೆದುರಿಗೇ ಸುಳ್ಳು ಬರೆದಿದ್ದಾರೆ. ಅವರ ಮೇಲೆ ಕೋಪ, ಅದಕ್ಕಿಂತ ಹೆಚ್ಚು ನನ್ನ ಮೇಲೆ. ಯಾವ ಮನುಷ್ಯರ ಒತ್ತಡ ದಿನಾ 130/80 ಇರುತ್ತದೆ? ಕಾಲೇಜು ಹುಡುಗಿಯರಿಗೂ ಗೊತ್ತಾಗುವ ವಿಷಯ.

ಏಪ್ರಿಲ್ 16, ಬುಧವಾರ

ಬಸ್ಸಿನಲ್ಲಿ ಕೂತಾಗ ಹೊಳೆಯಿತು, ಆಮೇಲೆ ಕೂರಲಾಗಲಿಲ್ಲ.

ಏಳನೇ ವಿಭಾಗ: ಸೋಮವಾರ ಆರು, ನಿನ್ನೆಯೂ ಆರು. ಇವತ್ತೂ ಆರು ಅಂದರೆ? ಹತ್ತು ಗಂಟೆಗೆ ಫೋನು ಬಂತು. “ಆರು.”

“ಇಡಬೇಡಿ. ಒಂದು ಕೇಳ್ತೀನಿ, ಬಯ್ಯೋದಕ್ಕಲ್ಲ. ಈ ಆರು ಎಣಿಸಿದ್ದಾ?”

ಆ ಕಡೆ ಯಾರೋ ಬಕೆಟ್ ಇಟ್ಟ ಸದ್ದು. “ಎಣಿಸಿದ್ದೇ. ಹೇಳಿದವ್ರನ್ನ ಎಣಿಸಿದ್ದು.”

“ಹೇಳದವ್ರು?”

“ಮೇಡಂ, ನಾನು ಮೂವತ್ತು ವರ್ಷ ಅಳತೆ ತಗೊಂಡವ್ಳು. ಟೇಪು ಸೊಂಟಕ್ಕೆ ಬಂತು ಅಂದ್ರೆ ಎಲ್ರೂ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳ್ಕೊತಾರೆ. ಬಡವ್ರು, ಸಾಹುಕಾರ್ರು, ಎಲ್ರೂ. ಆ ಅಳತೆಗೇ ಹೊಲಿದ್ರೆ ನಾಲ್ಕು ತುತ್ತು ಉಂಡ ಕೂಡ್ಲೆ ಗುಂಡಿ ಹಾರಿಹೋಗುತ್ತೆ. ಅದಕ್ಕೇ ಬಾಯಿಬಿಟ್ಟು ಹೇಳದೇನೆ ಎರಡು ಬೆರಳು ಸಡಿಲ ಬಿಟ್ಟು ಕತ್ತರಿಸ್ತೀವಿ. ನೀವು ಸಂಖ್ಯೆ ಮಾತ್ರ ಸಾಕು ಅಂದ್ರಿ. ಸಡಿಲ ಬಿಡೋಕೆ ಜಾಗ ಎಲ್ಲಿತ್ತು?”

ಆಮೇಲೆ ಒಂದೊಂದಾಗಿ ಹೇಳಿದರು. ಫಲಕಕ್ಕೆ ನಕ್ಷೆ ಬಂದ ದಿನದಿಂದ ಏಳರ ಜನ ಬಾಯಿಗೆ ಬೀಗ ಹಾಕಿದ್ದಾರೆ. ಕೆಲವರು ಬೆಳಗಾಗುವ ಮುಂಚೆ ರೋಗಿಯನ್ನು ತಳ್ಳುಗಾಡಿಯಲ್ಲಿ ಹಳ್ಳ ದಾಟಿಸಿ, ಎರಡು, ಮೂರನೇ ವಿಭಾಗದ ದವಾಖಾನೆಯಲ್ಲಿ ನೆಂಟರ ಡೇರೆಯ ನಂಬರು ಬರೆಸುತ್ತಾರೆ. ಗಾಡಿ ಇಲ್ಲದವರು, ನೆಂಟರಿಲ್ಲದವರು ಡೇರೆಯೊಳಗೇ ಇಟ್ಟುಕೊಂಡಿದ್ದಾರೆ. ರೋಗ ಹಳ್ಳ ದಾಟಿರಲಿಲ್ಲ, ವಿಳಾಸ ದಾಟಿತ್ತು.

“ನೀವ್ಯಾಕೆ ಮೊದ್ಲೇ ಹೇಳಲಿಲ್ಲ?”

“ನಮ್ಮ ಡೇರೇಲೂ ಒಬ್ಳಿದಾಳೆ. ನನ್ನ ತಂಗಿ. ನಿನ್ನೆಯಿಂದ. ಇಪ್ಪತ್ತೆರಡಕ್ಕೆ ಅವಳ ಸಂದರ್ಶನ, ನಾಲ್ಕು ವರ್ಷ ಕಾದಿದಾಳೆ. ನಮ್ಮ ಡೇರೆಗೆ ನಾನೇ ಸೊನ್ನೆ ಬರ್ಕೊಂಡೆ.”

“ಉಪ್ಪು ಸಕ್ಕರೆ ನೀರು ಕುಡಿಸ್ತಿದೀರಾ?”

“ಕುಡಿಸ್ತಿದೀನಿ. ನಿಲ್ತಿಲ್ಲ. ಸಲೈನು ನಿಮ್ಮೋರು ತಗೊಂಡು ಹೋದ್ರು.”

ಎರಡನೇ ವಿಭಾಗಕ್ಕೆ ಕರೆದುಕೊಂಡು ಹೋಗಿ, ಈಗಲೇ, ಅಂದೆ. ತಂಗಿ ಒಪ್ಪುವುದಿಲ್ಲವಂತೆ. ಎಣಿಕೆಯಕ್ಕನ ತಂಗಿ ಅಂತ ಶಿಬಿರಕ್ಕೆಲ್ಲ ಗೊತ್ತು, ಸುಳ್ಳು ನಂಬರು ನಡೆಯುವುದಿಲ್ಲ. ಹೆಸರು ಪಟ್ಟಿಯ ಕೊನೆಗೆ ಹೋದರೆ ಇನ್ನೂ ನಾಲ್ಕು ವರ್ಷ.

ಏನಾದರೂ ಮಾಡುತ್ತೇನೆ ಅಂದೆ. ಅಂದುಬಿಟ್ಟೆ. ಅವಳ ಸಲೈನನ್ನು ಅಲ್ಲಿಂದ ಎತ್ತಿಸಿದ್ದು ನನ್ನ ವರದಿ, ಅವಳ ಬಾಯಿ ಮುಚ್ಚಿಸಿದ್ದು ನನ್ನ ಒಂದು ಸಾಲು.

ಏಪ್ರಿಲ್ 17, ಗುರುವಾರ

ನಿರ್ದೇಶಕರ ಕೋಣೆಯಲ್ಲಿ ಇಪ್ಪತ್ತು ನಿಮಿಷ ನಿಂತೇ ಮಾತಾಡಿದೆ. ಮಳೆ ಹತ್ತೊಂಬತ್ತಕ್ಕೇ ಅನ್ನುತ್ತಿದೆ ಹವಾಮಾನದವರ ಸೂಚನೆ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಡೇರೆಯ ಲಾರಿ ಹೊರಡಲೇಬೇಕು.

“ಸೋಮವಾರ ಎರಡು ಅಂದ್ರಿ. ಗುರುವಾರ ಏಳು ಅಂತೀರಿ.”

“ಸೋಮವಾರದ್ದು ತಪ್ಪು ಸಾರ್.”

“ಇಬ್ಬರು ಹೆಂಗಸರು ಫೋನಲ್ಲಿ ಮಾತಾಡ್ಕೊಂಡಿದ್ದನ್ನ ನಾನು ಮೇಲಕ್ಕೆ ಕಳಿಸಲಾ? ಆ ತಪ್ಪು ಲೆಕ್ಕಕ್ಕಾದ್ರೂ ಸಂಖ್ಯೆ ಇತ್ತು. ಇದಕ್ಕೆ ಏನಿದೆ?”

ಅವರು ಕೆಟ್ಟವರಲ್ಲ. ಆಚೆ ದಡಕ್ಕೆ ಹಾಕಿ ರೋಗ ಈಚೆ ದಡದಲ್ಲಿದ್ದರೆ ಮೂವತ್ತು ಮಂಚ ಖಾಲಿ ಬಿದ್ದಿರುತ್ತವೆ, ಹತ್ತೊಂಬತ್ತು ಸಾವಿರ ಜನ ಈ ಕಡೆ ನೋಡುತ್ತಾ ಕೂರಬೇಕಾಗುತ್ತದೆ. ಆ ಹೆದರಿಕೆ ನನಗೂ ಇದೆ. ಆದರೂ ಅವರ ಮೇಜಿನ ಗಾಜು ಒಡೆಯಬೇಕು ಅನಿಸಿತು.

ಹೊರಗೆ ಬಂದು ದರ್ಜಿಯಕ್ಕನಿಗೆ ಫೋನು ಮಾಡಿದೆ. “ತಂಗಿ ಹೇಗಿದಾಳೆ?” ಅಂದೆ. “ಕಣ್ಣು ಒಳಗೆ ಹೋಗಿದೆ, ಮಾತಾಡ್ತಾಳೆ” ಅಂದರು. ಮತ್ತೆ ಎರಡನೇ ವಿಭಾಗಕ್ಕೆ ಕರೆದೊಯ್ಯಲು ಬೇಡಿಕೊಂಡೆ. ಆಮೇಲೆ ಕೇಳಿದೆ: “ಅಕ್ಕಾ, ಹೊಟ್ಟೆ ಒಳಗೆಳ್ಕೊಳ್ಳೋಕಾಗದ ಅಳತೆ ಯಾವುದಾದ್ರೂ ಇದೆಯಾ?”

ಒಂದು ಕ್ಷಣವೂ ಯೋಚಿಸಲಿಲ್ಲ ಅವರು. “ಬಟ್ಟೆ. ಮೈ ಸುಳ್ಳು ಹೇಳುತ್ತೆ, ಬಟ್ಟೆ ಹೇಳಲ್ಲ. ಪ್ರತಿ ಡೇರೆಗೂ ಎರಡು ದಪ್ಪ ಹೊದಿಕೆ ಕೊಟ್ಟಿದಾರೆ, ಬೂದಿ ಬಣ್ಣದ್ದು. ಒಗೆದ್ರೆ ಒಣಗೋಕೆ ಎರಡು ದಿನ ಬೇಕು. ಈ ಮೋಡದಲ್ಲಿ ಸುಮ್‌ಸುಮ್ನೆ ಯಾರು ಅದನ್ನ ಒಗೀತಾರೆ? ಮನೇಲಿ ವಾಂತಿಭೇದಿ ಇರೋರು ಮಾತ್ರ. ರೋಗಿ ಒಳಗಿದ್ರೂ ಹೊದಿಕೆ ಹೊರಗೆ ಹಗ್ಗದ ಮೇಲೆ ಇರ್ಲೇಬೇಕಲ್ಲ.”

ನಾನು ಗೋಡೆಗೆ ಒರಗಿ ನಿಂತೆ. ಇಪ್ಪತ್ತು ವರ್ಷ ಲೆಕ್ಕ ಮಾಡಿದವಳಿಗೆ ಹೊಳೆಯದ್ದು. ಯಾರನ್ನೂ ಏನೂ ಕೇಳುವುದು ಬೇಡ, ಹೆಸರು ಬೇಡ, ದಾರಿಯಲ್ಲಿ ನಡೆಯುತ್ತಾ ಎಣಿಸಿದರೆ ಸಾಕು. ಎಂಟೂ ವಿಭಾಗದಲ್ಲಿ, ನಾಳೆ ಬೆಳಕಾದ ಕೂಡಲೇ. ಉಳಿದ ಏಳು ಜನಕ್ಕೆ ಮಾಮ ಕೂತು ಫೋನು ಮಾಡಿದರು. ಹೊದಿಕೆ ಯಾಕೆ ಅಂತ ಕೇಳಿದವರಿಗೆಲ್ಲ “ಮದುವೆಗೆ” ಅಂದರಂತೆ.

ಏಪ್ರಿಲ್ 18, ಶುಕ್ರವಾರ

ಎಂಟೂವರೆಗೆ ಬಂದ ಲೆಕ್ಕ. ಎರಡನೇ ವಿಭಾಗ ಹದಿನೇಳು. ಮೂರರಲ್ಲಿ ಒಂಬತ್ತು. ಆರರಲ್ಲಿ ನಲವತ್ತು. ಎಂಟರಲ್ಲಿ ಮೂವತ್ತೊಂದು. ಏಳರದ್ದು ಬರಲಿಲ್ಲ.

ಒಂಬತ್ತಾಯಿತು. ಒಂಬತ್ತೂವರೆ. ಫೋನು ಹೋಗುತ್ತಿದೆ, ಎತ್ತುತ್ತಿಲ್ಲ. ಮಾಮ ಚಹಾ ತಂದಿಟ್ಟರು, ಆರಿ ಕೆನೆಗಟ್ಟಿತು. ಹತ್ತಕ್ಕೆ ಸರಿಯಾಗಿ ಅವರೇ ಮಾಡಿದರು.

“ಇನ್ನೂರ ಹನ್ನೆರಡು.” ಹಿಂದೆಯೇ ತಿದ್ದಿದರು: “ಇಲ್ಲ, ಇನ್ನೂರ ಹದಿನಾಲ್ಕು ಬರ್ಕೊಳಿ. ನಮ್ಮ ಹಗ್ಗದ್ದು ಎಣಿಸಿರಲಿಲ್ಲ.”

“ಅಕ್ಕಾ, ತಂಗಿ...”

“ಲಾರಿ ಕಳಿಸಿ ಮೇಡಂ.” ಇಟ್ಟುಬಿಟ್ಟರು.

ಹೊಸ ವರದಿ ಒಂದೇ ಪುಟ. ಮೊದಲ ಸಾಲು: ‘ಹದಿನಾಲ್ಕನೇ ತಾರೀಖಿನ ನನ್ನ ಮುನ್ಸೂಚನೆ ತಪ್ಪು.’ ಎರಡನೆಯದು, ಯಾಕೆ ತಪ್ಪು. ಮೂರನೆಯದು, ಓಡಾಟ ತಗ್ಗಿಸುವ ನನ್ನ ಸಾಲನ್ನು ಹಿಂತೆಗೆದುಕೊಂಡಿದ್ದೇನೆ, ರೋಗ ಬಂತು ಅಂತ ಯಾರ ಸರದಿಯೂ ಹೋಗಬಾರದು. ಕೆಳಗೆ ಹೊದಿಕೆಯ ಲೆಕ್ಕ. ನಿರ್ದೇಶಕರು ಎರಡು ಸಲ ಓದಿದರು. ಇನ್ನೂರ ಹದಿನಾಲ್ಕರ ಕೆಳಗೆ ಉಗುರಿನಿಂದ ಗೆರೆ ಎಳೆದರು.

“ಹೊದಿಕೆ ನಂಬಿ ಡೇರೆ ಹಾಕಿದ್ದನ್ನ ನನ್ನ ಸರ್ವಿಸ್‌ನಲ್ಲೇ ನೋಡಿಲ್ಲ. ತಪ್ಪಾದ್ರೆ ಕುತ್ತಿಗೆ ನಿಮ್ದು.”

“ನನ್ನದೇ ಸಾರ್. ಸಹಿ ಹಾಕಿದೀನಿ.”

ಹನ್ನೆರಡೂ ಹತ್ತಕ್ಕೆ ಲಾರಿ ಹೊರಟಿತು. ಐದು ಗಂಟೆಗೆ ಹಳ್ಳ ದಾಟಿತು ಅಂತ ಚಾಲಕ ಫೋನು ಮಾಡಿದ. ಶಿಬಿರದ ಕಚೇರಿಯವರು ಗೊಣಗುತ್ತಲೇ ನಿಯಮ ತೆಗೆದರು, ಸರದಿ ಹಾಗೇ ಇರುತ್ತದೆ ಅಂತ ಧ್ವನಿವರ್ಧಕದಲ್ಲಿ ಕೂಗಿಸಿದರು. ಫಲಕದ ನಕ್ಷೆ ಕೀಳಿಸಿದ್ದು ಮಾಮ, ಫೋನಿನಲ್ಲಿ ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಏಪ್ರಿಲ್ 19, ಶನಿವಾರ

ಮಳೆ. ಬೆಳಿಗ್ಗೆ ಆರಕ್ಕೆ ಹಳ್ಳ ತುಂಬಿತಂತೆ. ಆಚೆ ದಡದ ಫೋನಿನ ಗೋಪುರಕ್ಕೆ ಕರೆಂಟಿಲ್ಲ.

ಏಪ್ರಿಲ್ 20, ಭಾನುವಾರ

ಏನೂ ಗೊತ್ತಿಲ್ಲ. ಹತ್ತು ಗಂಟೆಗೆ ಫೋನು ಕೈಯಲ್ಲಿ ಹಿಡಿದು ಕೂತೆ, ರಜೆ ಅನ್ನುವುದೂ ನೆನಪಿರಲಿಲ್ಲ.

ಏಪ್ರಿಲ್ 21, ಸೋಮವಾರ

ಈಚೆ ದಡದಿಂದ ಸುದ್ದಿ. ಮೂರನೇ ವಿಭಾಗದ ಇಬ್ಬರು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಜೀಪಿನಲ್ಲೇ ತೀರಿಹೋದರು. ಒಬ್ಬರು ರೊಟ್ಟಿ ಸುಡುವ ಭಟ್ಟಿಯವರು, ಇನ್ನೊಬ್ಬಳು ಶಾಲೆಯ ಹುಡುಗಿ.

ಡೇರೆ ಈಚೆ ದಡದಲ್ಲಿದ್ದಿದ್ದರೆ ಇಬ್ಬರೂ ಉಳಿಯುತ್ತಿದ್ದರು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಿರ್ದೇಶಕರು ನನ್ನ ಮೇಜಿನ ಪಕ್ಕದಲ್ಲೇ ಹಾದುಹೋದರು, ಹೋಗಿ ವಾಪಸ್ಸು ಬಂದರು, ಮತ್ತೆ ಹೋದರು. ಆಚೆ ದಡದಲ್ಲಿ ಮೂವತ್ತು ಮಂಚ ಖಾಲಿ ಇವೆಯೋ ಏನೋ. ಹೊದಿಕೆಗಳು ಬರೀ ಕೊಳೆ ಅಂತ ಒಗೆದದ್ದೋ ಏನೋ. ನನಗೆ ಹೆದರಿಕೆಯಾಗುತ್ತಿದೆ, ಇನ್ನೇನೂ ಬರೆಯಲು ತೋಚುತ್ತಿಲ್ಲ.

ಏಪ್ರಿಲ್ 22, ಮಂಗಳವಾರ

ಇವತ್ತು ದರ್ಜಿಯಕ್ಕನ ತಂಗಿಯ ಸಂದರ್ಶನದ ದಿನ. ಹಳ್ಳ ಇನ್ನೂ ಇಳಿದಿಲ್ಲ.

ಬೆಳಿಗ್ಗೆ ಮಳೆ ನಿಂತಿತ್ತು. ಅತ್ತೆಯನ್ನು ಕೈಹಿಡಿದು ಮಹಡಿಗೆ ಹತ್ತಿಸಿದೆ. ಹನ್ನೆರಡು ಮೆಟ್ಟಿಲಿಗೆ ಹತ್ತು ನಿಮಿಷ. ಒಣಗಿದ ಕುಂಡಗಳನ್ನೆಲ್ಲ ಮುಟ್ಟಿ ನೋಡಿ “ಎರಡು ಬದುಕಿದಾವೆ” ಅಂದರು. ಕೆಳಗೆ ಬಂದು ತಾವೇ ಯಂತ್ರ ಕಟ್ಟಿಕೊಂಡು ಬರೆದರು: 168/98. “ನೋಡು, ಬರೆದಿದೀನಿ. ಈಗ ಬೀಗ ಹಾಕ್ತೀಯಾ?” ಬೀಗ ಯಜಮಾನರ ಪೆಟ್ಟಿಗೆ ಸೇರಿದೆ ಅಂದೆ. ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ.

ಏಪ್ರಿಲ್ 23, ಬುಧವಾರ

ಹತ್ತು ಗಂಟೆ ಎರಡು ನಿಮಿಷಕ್ಕೆ ಫೋನು ಬಂತು.

“ಮೇಡಂ, ಏಳು. ಇವತ್ತಿನ ಸಂಖ್ಯೆ...”

“ಸಂಖ್ಯೆ ಆಮೇಲೆ ಅಕ್ಕಾ. ತಂಗಿ ಹೇಗಿದಾಳೆ ಹೇಳಿ.”

ಅವರ ಹಿಂದೆ ತುಂಬಾ ಜನರ ಮಾತು, ಮಂಚ ಎಳೆಯುವ ಸದ್ದು.

“ಶುಕ್ರವಾರ ಬೆಳಿಗ್ಗೆ ಹೋದ್ಳು. ನಾನು ಕೊನೇ ಸಾಲಲ್ಲಿ ಎಣಿಸ್ತಾ ಇದ್ದೆ, ಪಕ್ಕದ ಡೇರೆಯವ್ರು ಓಡ್ಬಂದ್ರು. ಆ ಎರಡು ಹೊದಿಕೆ ಒಗೆದು ಹಾಕಿದ್ದು ಅವಳು ಹೋದ್ಮೇಲೆ.”

ಇನ್ನೂರ ಹದಿನಾಲ್ಕು. ನಾನು ಅದನ್ನು ಎಷ್ಟು ಸಲ ಬರೆದಿದ್ದೆ, ಎಷ್ಟು ಜನಕ್ಕೆ ತೋರಿಸಿದ್ದೆ. ಕಣ್ಣು ತುಂಬಿ ಕಾಗದ ಕಾಣಿಸಲಿಲ್ಲ.

“ಅವತ್ತು ಯಾಕೆ ಹೇಳಲಿಲ್ಲ ಅಕ್ಕಾ?”

“ಹೇಳಿದ್ರೆ ನೀವು ಅಳ್ತಾ ಕೂರ್ತಿದ್ರಿ. ಲಾರಿ ಹೊರಡಬೇಕಿತ್ತು.”

ಅಳುತ್ತಾ ಕೂತೆ. ಅವರು ಫೋನು ಇಡಲಿಲ್ಲ. ಮಾಮ ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿದರು. ನಿಮ್ಮ ತಂಗಿ ಸತ್ತದ್ದು ನನ್ನ ಒಂದು ಸಾಲಿನಿಂದ ಅಂದೆ. ಅವರು “ಸೊನ್ನೆ ಬರ್ಕೊಂಡವ್ಳು ನಾನು” ಅಂದರು.

ಆಮೇಲೆ ಅವರೇ ಮಾತು ತೆಗೆದರು. ಡೇರೆ ಬಂದ ಸಂಜೆ ಯಾರೂ ಬರಲಿಲ್ಲವಂತೆ. ಸರದಿ ಹೋಗುವುದಿಲ್ಲ ಅಂತ ಕೂಗಿದ್ದನ್ನು ಒಬ್ಬರೂ ನಂಬಲಿಲ್ಲ. ದರ್ಜಿಯಕ್ಕ ಡೇರೆ ಡೇರೆಗೆ ಹೋಗಿ, ನಾನು ಬಚ್ಚಿಟ್ಟೆ, ನೋಡಿ ಏನಾಯ್ತು, ಅಂತ ಹೇಳಿಕೊಂಡು ಬಂದರಂತೆ. ಬೆಳಗಾಗುವುದರೊಳಗೆ ಮೂವತ್ತು ಮಂಚ ತುಂಬಿ ನೆಲದ ಮೇಲೆ ಚಾಪೆ ಹಾಸಿದರು. ಐದು ದಿನದಲ್ಲಿ ಮುನ್ನೂರ ಆರು ಜನ ಬಂದಿದ್ದಾರೆ. ಒಂಬತ್ತು ಜನ ಉಳಿಯಲಿಲ್ಲ.

“ಯಾರ್‍ಯಾರು?” ಅಂದೆ.

ಹೇಳಿದರು. ಕೊನೇ ಸಾಲಿನ ತಾತ, ಮಗಳ ಜೊತೆ ಮಾತು ಬಿಟ್ಟಿದ್ದವರು, ಹೋಗುವ ಹಿಂದಿನ ದಿನ ಮಾತಾಡಿದರಂತೆ. ನಾದಿನಿ ಜೊತೆ ಜಗಳವಾಡುತ್ತಿದ್ದವಳು. ಅವಳ ಇಬ್ಬರು ಮಕ್ಕಳನ್ನು ಈಗ ಆ ನಾದಿನಿಯೇ ನೋಡಿಕೊಳ್ಳುತ್ತಿದ್ದಾಳೆ. ಒಂಬತ್ತನ್ನೂ ಬರೆದುಕೊಂಡೆ, ಮುಕ್ಕಾಲು ಗಂಟೆ ಹಿಡಿಯಿತು. ನಿರ್ದೇಶಕರು ಎರಡು ಸಲ ಬಾಗಿಲಿಗೆ ಬಂದು ಇವತ್ತಿನ ಸಂಖ್ಯೆ ಎಲ್ಲಿ ಅಂತ ಸನ್ನೆ ಮಾಡಿದರು. ಇರಿ ಅಂತ ಕೈ ತೋರಿಸಿದೆ.

“ಈಗ ಹೇಳಿ ಅಕ್ಕಾ, ಇವತ್ತು ಎಷ್ಟು?”

“ಎಂಬತ್ತಮೂರು.”

ಏಳನೇ ವಿಭಾಗದಿಂದ ರೋಗಿಗಳ ಸಂಖ್ಯೆ ಇಷ್ಟು ದೊಡ್ಡದು ಇದುವರೆಗೂ ಬಂದಿಲ್ಲ. ಪೆನ್ನು ತೆಗೆದುಕೊಂಡು ಕೇಳಿದೆ: “ಎರಡು ಬೆರಳು ಸಡಿಲ ಬಿಡಲಾ?”

“ಬೇಡ ಮೇಡಂ,” ಅಂದರು. “ಇವತ್ತು ಎಲ್ರೂ ಉಸಿರು ಬಿಟ್ಟೇ ನಿಂತಿದಾರೆ.”

ಎಂಬತ್ತಮೂರು ಅಂತಲೇ ಬರೆದೆ.